ಪೈಲಟ್ ನೈಜೆಲ್‌ನ ಆರು ಕಿಲೋ

ಈ ಶನಿವಾರ ಆಕಾಶ ತನ್ನದು ಎಂದು ನೈಜೆಲ್ ಮಾಲ್ಟ್‌ಬಿ ತೀರ್ಮಾನಿಸಿಬಿಟ್ಟಿದ್ದ. ತೀರ್ಮಾನಿಸಿದ್ದಷ್ಟೇ ಅಲ್ಲ, ಊರಿಗೆಲ್ಲ ಸಾರಿಬಿಟ್ಟಿದ್ದ! ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಮೂರನೆಯ ಪ್ರಯತ್ನದಲ್ಲಿ, ಖಾಸಗಿ ಪೈಲಟ್ ಲೈಸೆನ್ಸು ಅವನ ಕೈಗೆ ಬಂದು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳಲ್ಲಿ ಅದನ್ನು ನೋಡದೆ ಉಳಿದವರೆಂದರೆ ಚರ್ಚಿನ ಹಿಂದಿನ ಹಿತ್ತಲಲ್ಲಿ ಖಾಯಮ್ಮಾಗಿ ಮಲಗಿರುವವರು ಮಾತ್ರ. ಮಾಂಸದಂಗಡಿಯ ಹೊವಾರ್ಡನಂತೂ ಏಳು ಸಲ ನೋಡಿದ್ದ.

"ಅರ್ಧ ಕಿಲೋ ಸಾಸೇಜ್ ಕೊಡು ಹೊವಾರ್ಡ್. ಅಂದ ಹಾಗೆ, ಇದನ್ನ ನೋಡಿದ್ಯಾ?"

"ನೋಡಿದ್ದೀನಿ ನೈಜೆಲ್. ಮೊನ್ನೆ ತಾನೇ ತೋರಿಸಿದ್ಯಲ್ಲ."

"ಮೊನ್ನೆ ನೋಡಿದ್ದು ಮುಂಭಾಗ. ಇವತ್ತು ಹಿಂಭಾಗ ನೋಡು!"

ಇಷ್ಟು ಹೆಮ್ಮೆ ಯಾಕೆ ಎಂದು ಕೇಳಬೇಡಿ. ಇಪ್ಪತ್ತೈದು ವರ್ಷ ಇಂಗ್ಲೆಂಡಿನ ಲಿಂಕನ್‌ಶೈರಿನ ಪಡ್ಡೆ ಮಕ್ಕಳಿಗೆ ಕಾರು ಕಲಿಸುತ್ತಾ, ಪಕ್ಕದ ಸೀಟಿನಲ್ಲಿ ಜೀವ ಬಿಗಿಹಿಡಿದು ಬ್ರೇಕು ಒತ್ತುತ್ತಾ ಬಂದ ಮನುಷ್ಯ ಅವನು. ಅಷ್ಟು ವರ್ಷವೂ ಬೇರೆಯವರು ಓಡಿಸಿದರು, ಇವನು ಬೆವರಿದ. ಈಗ ಅವನೇ ಓಡಿಸುವವನು. ಅದೂ ಎಲ್ಲಿ? ಮೋಡದ ಪಕ್ಕದಲ್ಲಿ!

ಓಡಿಸಬೇಕೆಂದಿದ್ದು ಮೇಬಲ್‌ಳನ್ನು. ಮೇಬಲ್ ಎಂದರೆ ಊರಿನ ವಿಮಾನ ಕ್ಲಬ್ಬಿನ ಹುಲ್ಲು ಮೈದಾನದಲ್ಲಿ ಎಂಬತ್ತು ವರ್ಷ ದಾಟಿಯೂ ಗಟ್ಟಿಮುಟ್ಟಾಗಿರುವ ಹಳದಿ ಬಣ್ಣದ ಜೋಡಿರೆಕ್ಕೆಯ ವಿಮಾನ. ಮರದ ಮೂಳೆ, ಬಟ್ಟೆಯ ಚರ್ಮ. ಮೇಲೊಂದು ರೆಕ್ಕೆ, ಕೆಳಗೊಂದು ರೆಕ್ಕೆ. ಕೂರಲು ತಲೆಯ ಮೇಲೆ ಮುಚ್ಚಳವಿಲ್ಲದ ಎರಡು ಗುಂಡಿ: ಮುಂದಿನದರಲ್ಲಿ ಪ್ರಯಾಣಿಕ, ಹಿಂದಿನದರಲ್ಲಿ ಪೈಲಟ್. ಚಾಲೂ ಮಾಡಲು ಬಟನ್ನಿಲ್ಲ, ಕೀಲಿಯಿಲ್ಲ. ಒಬ್ಬರು ಮುಂದೆ ನಿಂತು ಪಂಖವನ್ನು ಕೈಯಿಂದ ತಿರುಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬ್ರೇಕೇ ಇಲ್ಲ! ಇಪ್ಪತ್ತೈದು ವರ್ಷದ ಅಭ್ಯಾಸಬಲ ನೋಡಿ, ಇಳಿಯುವಾಗೆಲ್ಲ ನೈಜೆಲ್‌ನ ಕಾಲು ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಹೊಸ ಲೈಸೆನ್ಸಿನವರಿಗೆ ಇಂಥ ವಿಮಾನ ಕೊಡಬೇಕಾದರೆ ಬೇರೆ ತರಬೇತಿಯೇ ಆಗಬೇಕು. ಮೇಬಲ್‌ಳ ಒಡತಿ, ಎಪ್ಪತ್ತೊಂದು ವರ್ಷದ ಮಿಸ್ ಥರ್ಲೋ, ಹದಿನಾಲ್ಕು ತಾಸು ಅವನ ಜೊತೆ ಹಾರಿ, "ಕಾಲು ಸುಮ್ಮನಿರಲಿ ನೈಜೆಲ್!" ಎಂದು ಗಂಟಲು ಕಟ್ಟಿಸಿಕೊಂಡು, ಕೊನೆಗೊಂದು ದಿನ ಪುಸ್ತಕದಲ್ಲಿ ಸಹಿ ಹಾಕಿದ್ದಳು.

ಇದೆಲ್ಲ ಡೋರೀನ್‌ಗಾಗಿ. ಅವನ ಹೆಂಡತಿ ಡೋರೀನ್ ಜೀವಮಾನದಲ್ಲಿ ವಿಮಾನ ಹತ್ತಿದವಳಲ್ಲ. ಸ್ಪೇನಿಗೆ ಹೋಗುವಾಗಲೂ ಹಡಗು, ರೈಲು ಎಂದು ಹಟ ಹಿಡಿದು ಎರಡು ದಿನ ಸುಸ್ತು ಮಾಡಿಸಿದವಳು. ಅವಳ ಅಪ್ಪ ವಿಲ್ಫ್ ಇದೇ ಮೈದಾನದ ಶೆಡ್ಡಿನಲ್ಲಿ ಮೂವತ್ತೊಂಬತ್ತು ವರ್ಷ ವಿಮಾನಗಳ ರೆಕ್ಕೆಗೆ ಬಟ್ಟೆ ಹೊಲಿದವನು. ಮೇಬಲ್‌ಳ ಮೈಮೇಲೂ ಅವನದೇ ಹೊಲಿಗೆ. ಮದುವೆಯಾದ ಹೊಸದರಲ್ಲೇ ಡೋರೀನ್ ಹೇಳಿದ್ದಳು: "ಹತ್ತೋದಾದ್ರೆ ಅಪ್ಪ ಹೊಲಿದ ವಿಮಾನಾನೇ ಹತ್ತೋದು. ಓಡಿಸೋನು ನೀನೇ ಆಗಿರ್ಬೇಕು. ಬೇರೆಯವರನ್ನ ನಾನು ನಂಬಲ್ಲ." ಆಗ ನೈಜೆಲ್‌ಗೆ ಸೈಕಲ್ಲು ಬಿಟ್ಟರೆ ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಆ ಮಾತು ಮೂವತ್ತೆರಡು ವರ್ಷ ಅವನ ಎದೆಯಲ್ಲಿ ಕೂತಿತ್ತು.

ಶನಿವಾರ ವಿಲ್ಫ್ ಬದುಕಿದ್ದರೆ ನೂರು ತುಂಬುತ್ತಿತ್ತು. ಸೋಮವಾರ ಮೇಬಲ್‌ಳ ಎಂಜಿನ್ನು ಬಿಚ್ಚಿ ರಿಪೇರಿಗೆ ಸ್ಕಾಟ್‌ಲೆಂಡಿಗೆ ಕಳಿಸುವವರಿದ್ದರು. ಅದು ವಾಪಸು ಬರುವುದು ಮುಂದಿನ ವರ್ಷವೋ, ಅದರ ಮುಂದಿನ ವರ್ಷವೋ. ಹಾಗಾಗಿ ಈ ಶನಿವಾರ ಬಿಟ್ಟರೆ ಇಲ್ಲ.

ಇಂಥ ದಿನಕ್ಕೆ ವೇಷವೂ ತಕ್ಕಂತೆ ಬೇಡವೇ? ಒಳಗಡೆ ಕುರಿಯ ಉಣ್ಣೆಯಿರುವ ಹಳೇ ಕಾಲದ ಚರ್ಮದ ಜಾಕೆಟ್ಟು ತರಿಸಿದ. ಮೊಣಕಾಲಿಗೆ ಬರುವ ಬೂಟು ತರಿಸಿದ. ಒಂದು ಹಿಡಿ ಅಗಲದ ಹಿತ್ತಾಳೆ ಬಕಲ್ಲಿನ ಬೆಲ್ಟು ತರಿಸಿದ. ಮೇಲೆ ಚಳಿಯೆಂದು ಒಳಗೊಂದು ಕಾಲುದ್ದದ ಉಣ್ಣೆಯ ಒಳಚಡ್ಡಿಯನ್ನೂ ಏರಿಸಿದ. ಕನ್ನಡಿಯ ಮುಂದೆ ನಿಂತು ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ.

"ಹೇಗಿದ್ದೀನಿ?"

"ಸೋಫಾ ಎದ್ದು ನಿಂತ ಹಾಗಿದ್ದೀಯ," ಅಂದಳು ಡೋರೀನ್.

"ನಿನಗೆ ಅಸೂಯೆ!"

ಮೈದಾನದಲ್ಲಿ ಅರ್ಧ ಊರೇ ನೆರೆದಿತ್ತು. ಕರೆದವನು ಅವನೇ ತಾನೆ! ಹೊವಾರ್ಡ್ ಹೆಂಡತಿಯ ಸಮೇತ ಬಂದಿದ್ದ. ಪಾದ್ರಿ ಎಲ್ಸಮ್ ಮಡಚುವ ಕುರ್ಚಿ ತಂದಿದ್ದರು. ಚರ್ಚಿನಲ್ಲಿ ಹಾಡುವ ಹೆಂಗಸರು ಫ್ಲಾಸ್ಕಿನಲ್ಲಿ ಚಹಾ ತಂದು ಹುಲ್ಲಿನ ಮೇಲೆ ಕಂಬಳಿ ಹಾಸಿದ್ದರು. ನೈಜೆಲ್ ಅವರ ನಡುವೆ ಮದುಮಗನ ಹಾಗೆ ನಡೆದು ಬಂದ. ಹಿಂದೆ ಡೋರೀನ್, ಹೆಗಲಲ್ಲಿ ಅವಳ ಕಂದು ಬಣ್ಣದ ದೊಡ್ಡ ಕೈಚೀಲ.

ಶೆಡ್ಡಿನ ಬಾಗಿಲಲ್ಲಿ ಮಿಸ್ ಥರ್ಲೋ ತಕ್ಕಡಿಯಿಟ್ಟುಕೊಂಡು ನಿಂತಿದ್ದಳು. ಆಲೂಗಡ್ಡೆ ಮೂಟೆ ತೂಗುವಂಥ ತಕ್ಕಡಿ.

"ಅದ್ಯಾಕೆ ಮಿಸ್ ಥರ್ಲೋ? ನನ್ನ ತೂಕ ಫಾರಮ್ಮಲ್ಲಿ ಬರೆದಿದ್ದೀನಲ್ಲ!"

"ಎಂಬತ್ತೈದು ಅಂತ ಬರೆದಿದ್ದೀರ. ಯಾವಾಗಿನದು ಅದು?"

"ಡಾಕ್ಟರು ತೂಗಿದ್ದು."

"ಯಾವಾಗ?"

"...ಎರಡು ವರ್ಷದ ಹಿಂದೆ."

ಎರಡು ವರ್ಷದಲ್ಲಿ ನಡೆದದ್ದು ಇಷ್ಟೇ. ಪ್ರತಿ ಹಾರಾಟದ ನಂತರ ಕ್ಲಬ್ಬಿನ ಕ್ಯಾಂಟೀನಿನಲ್ಲಿ ಬೇಕನ್ ಇಟ್ಟ ಬನ್ನು ತಿನ್ನುವುದು ಪೈಲಟ್ಟುಗಳ ಸಂಪ್ರದಾಯ. ಹವಾಮಾನ ಕೆಟ್ಟು ಹಾರದೇ ಇದ್ದ ದಿನ ಬೇಸರಕ್ಕೆ ಎರಡು ತಿನ್ನುವುದೂ ಸಂಪ್ರದಾಯ. ಲಿಂಕನ್‌ಶೈರಿನ ಹವಾಮಾನ ಎಂಥದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ಅದೂ ಸಾಲದೆಂದು, ಮೇಬಲ್‌ಳ ಸರದಿ ಬೇಗ ಸಿಗಲಿ ಎಂದು ವಾರವಾರ ಡೋರೀನ್ ಮಾಡಿದ ಫ್ರೂಟ್ ಕೇಕನ್ನು ಮಿಸ್ ಥರ್ಲೋಗೆ ಒಯ್ಯುತ್ತಿದ್ದ. ಅದರಲ್ಲಿ ಮುಕ್ಕಾಲು ಪಾಲು ತಾನೇ ಕೂತು ತಿಂದು ಬರುತ್ತಿದ್ದ.

ಮೊದಲು ಡೋರೀನ್ ತಕ್ಕಡಿ ಹತ್ತಿದಳು. ಮಿಸ್ ಥರ್ಲೋ, "ಚೀಲ?" ಎಂದು ಹುಬ್ಬೇರಿಸಿದಳು. ನೈಜೆಲ್‌ನ ಗಂಡಸ್ತನ ಎದ್ದು ನಿಂತಿತು.

"ಚೀಲದ ಸಮೇತ ತೂಗಿ, ಮಿಸ್ ಥರ್ಲೋ! ಹೆಂಗಸರ ಕೈಚೀಲದಲ್ಲಿ ಏನಿದೆ ಅಂತ ಕೇಳೋ ಗಂಡಸಲ್ಲ ನಾನು!"

ಕಂಬಳಿಯ ಮೇಲಿದ್ದ ಹೆಂಗಸರು ಮೆಚ್ಚಿ ತಲೆಯಾಡಿಸಿದರು. ಆಮೇಲೆ ಅವನು ಹತ್ತಿದ. ಮುಳ್ಳು ಸರ್ರನೆ ಓಡಿತು, ಓಡಿತು, ಓಡುತ್ತಲೇ ಇತ್ತು. ಮಿಸ್ ಥರ್ಲೋ ಪೆನ್ಸಿಲ್ಲಿನಲ್ಲಿ ಎರಡೆರಡು ಸಲ ಕೂಡಿದಳು.

"ಇಬ್ಬರೂ ಸೇರಿ, ಮೇಬಲ್ ಹೊರೋದಕ್ಕಿಂತ ಆರು ಕಿಲೋ ಹೆಚ್ಚು."

"ಆರು ತಾನೇ! ಪೆಟ್ರೋಲು ಸ್ವಲ್ಪ ಇಳಿಸಿ."

"ಆಗಲೇ ಕಡಿಮೆ ಹಾಕಿದ್ದೀನಿ. ಇನ್ನೂ ಇಳಿಸಿದ್ರೆ ನೀವು ಹೋಗೋದು ವಿಮಾನದಲ್ಲಿ, ಬರೋದು ನಡ್ಕೊಂಡು." ಅವಳು ಕನ್ನಡಕ ತೆಗೆದಳು. "ನೈಜೆಲ್, ನಾನು ಐವತ್ತು ಕಿಲೋನೂ ಇಲ್ಲ. ಡೋರೀನ್‌ನ ನಾನೇ ಒಂದು ಸುತ್ತು ಹೊಡೆಸ್ಕೊಂಡು ಬರ್ತೀನಿ. ನೀವು ಕೆಳಗಿಂದ ಪಂಖ ತಿರುಗಿಸಿ."

ಮೂವತ್ತೆರಡು ವರ್ಷ ಕಾದದ್ದು ಪಂಖ ತಿರುಗಿಸಲಿಕ್ಕೋ? ಡೋರೀನ್ ಒಂದೇ ಮಾತು ಹೇಳಿದಳು:

"ನೀನು ಓಡಿಸದಿದ್ರೆ ನಾನು ಹತ್ತಲ್ಲ."

ಹಾಗೆಂದು ಅವಳು ಮೇಬಲ್‌ಳ ರೆಕ್ಕೆಯ ಮೇಲೆ ಕೈಯಿಟ್ಟು, ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸುತ್ತಾ ನಿಂತಳು. ಅದನ್ನು ನೋಡಿ ನೈಜೆಲ್‌ಗೆ ಎಲ್ಲಿತ್ತೋ ಧೈರ್ಯ! ಜಾಕೆಟ್ಟು ಕಿತ್ತೆಸೆದ.

"ಈಗ?"

"ಮೂರೂವರೆ ಇಳೀತು," ಅಂದಳು ಮಿಸ್ ಥರ್ಲೋ.

ಎರಡೂ ಬೂಟು ಎಳೆದು ತೆಗೆದ. ಒಂದು ಸಲೀಸಾಗಿ ಬಂತು. ಇನ್ನೊಂದನ್ನು ಹೊವಾರ್ಡ್ ಹಿಡಿದು ಜಗ್ಗಬೇಕಾಯಿತು.

"ಈಗ?"

"ಇನ್ನೂ ಅರ್ಧ ಕಿಲೋ ಇದೆ."

ನೈಜೆಲ್ ಸುತ್ತ ನೋಡಿದ. ಅರ್ಧ ಊರು, ಪಾದ್ರಿ, ಹಾಡುವ ಹೆಂಗಸರು, ಅವನೇ ಕಾರು ಕಲಿಸಿದ ಹದಿನೇಳು ಜನ! ಮೈಮೇಲೆ ಉಳಿದ ಭಾರವೆಂದರೆ ಹಿತ್ತಾಳೆ ಬಕಲ್ಲಿನ ಬೆಲ್ಟು, ಅದು ಹಿಡಿದುಕೊಂಡಿದ್ದ ಪ್ಯಾಂಟು.

"ಬರೀ ಬೆಲ್ಟು ತೆಗೆದ್ರೆ?" ಎಂದು ಪಿಸುಗುಟ್ಟಿದ.

"ಬೆಲ್ಟು ಹೋದ್ರೆ ಪ್ಯಾಂಟು ತಾನಾಗಿ ಹೋಗತ್ತೆ ನೈಜೆಲ್," ಅಂದಳು ಮಿಸ್ ಥರ್ಲೋ.

ಹೋಯಿತು! ಉಣ್ಣೆಯ ಒಳಚಡ್ಡಿ ಲೋಕಕ್ಕೆ ದರ್ಶನ ಕೊಟ್ಟಿತು. ಹಿಂಭಾಗದಲ್ಲಿ ಅಂಗೈ ಅಗಲದ ತೇಪೆ. ಹಾಕಿದವಳು ಡೋರೀನ್, ಹೊಲಿಗೆ ಅಪ್ಪ ಕಲಿಸಿದ್ದು. ಮೇಬಲ್‌ಳ ರೆಕ್ಕೆಗೂ ನೈಜೆಲ್‌ನ ಹಿಂಭಾಗಕ್ಕೂ ಒಂದೇ ನಮೂನೆಯ ಟಾಕು. ಆದರೂ ನಮ್ಮೂರ ಜನರ ಮರ್ಯಾದೆ ದೊಡ್ಡದು. ಒಬ್ಬರೂ ನಗಲಿಲ್ಲ. ಎಲ್ಲರೂ ಒಮ್ಮೆಲೇ ಆಕಾಶ ನೋಡತೊಡಗಿದರು.

"ಗಾಳಿ ಸ್ವಲ್ಪ ತಣ್ಣಗಿದೆ ಅಲ್ವಾ, ಮಿಸ್ಟರ್ ಮಾಲ್ಟ್‌ಬಿ?" ಅಂದರು ಪಾದ್ರಿಗಳು, ಮೋಡವನ್ನೇ ದಿಟ್ಟಿಸುತ್ತಾ.

"ಹೌದು ಫಾದರ್. ಆದ್ರೆ ಮಳೆ ಬರಲಿಕ್ಕಿಲ್ಲ," ಅಂದ ನೈಜೆಲ್, ಎರಡೂ ಕೈಯನ್ನು ಹಿಂದೆ ಮುಂದೆ ಎಲ್ಲಿಡಬೇಕೆಂದು ತಿಳಿಯದೆ.

"ಸಾಕು! ಇನ್ನೂ ನಾನೂರು ಗ್ರಾಂ ಹಾಕ್ಕೋಬಹುದು," ಎಂದು ಮಿಸ್ ಥರ್ಲೋ ಕೂಗಿದಳು. ಹೊವಾರ್ಡ್‌ನ ಹೆಂಡತಿ ತನ್ನ ಗುಲಾಬಿ ಸ್ವೆಟರ್ ಬಿಚ್ಚಿ ತಕ್ಕಡಿಗೆ ಹಾಕಿದಳು. ಸರಿಯಾಗಿ ನಾನೂರು ಗ್ರಾಂ! ಅದನ್ನು ತೊಟ್ಟು, ಲೈಸೆನ್ಸನ್ನು ಮಾತ್ರ ಒಳಚಡ್ಡಿಯ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲುಚೀಲದಲ್ಲೇ ಪೈಲಟ್ ಮಹಾಶಯ ಹಿಂದಿನ ಗುಂಡಿಗೆ ಇಳಿದ. ಮಿಸ್ ಥರ್ಲೋ ಡೋರೀನ್‌ಳ ಕೈಚೀಲವನ್ನು ಎರಡೂ ಕೈಯಲ್ಲಿ ಎತ್ತಿ, ಅವನ ಬೆನ್ನ ಹಿಂದಿನ ಪುಟ್ಟ ಗೂಡಿನಲ್ಲಿಟ್ಟು ಪಟ್ಟಿ ಬಿಗಿದಳು. ಅವನು ಸ್ವೆಟರಿನ ಗುಂಡಿಗಳ ಜೊತೆ ಒದ್ದಾಡುತ್ತಿದ್ದ.

ಪಂಖ ತಿರುಗಿತು. ಮೇಬಲ್ ಕೆಮ್ಮಿದಳು, ಹೊಗೆ ಬಿಟ್ಟಳು, ಹುಲ್ಲಿನ ಮೇಲೆ ಕುಣಿಯುತ್ತಾ ಓಡಿದಳು. ನೈಜೆಲ್ ವಿಮಾನ ನಡೆಸುವ ಕೋಲನ್ನು ಮೆಲ್ಲಗೆ ಹಿಂದೆಳೆದ. ನೆಲ ಬಿಟ್ಟಿತು.

ಮೇಲೆ ಹೋದ ಮೇಲೆ ಮಾತಾಡಲೆಂದು ಎರಡೂ ಗುಂಡಿಯ ನಡುವೆ ಒಂದು ರಬ್ಬರ್ ಕೊಳವೆ ಇತ್ತು. ಅದರಲ್ಲಿ ಹೇಳಲು ನೈಜೆಲ್ ಒಂದು ವಾರದಿಂದ ಭಾಷಣ ಬಾಯಿಪಾಠ ಮಾಡಿದ್ದ. ಈಗ ಒಂದಕ್ಷರವೂ ನೆನಪಾಗಲಿಲ್ಲ. ಕೆಳಗೆ ಹಳದಿ ಸಾಸಿವೆ ಹೊಲಗಳು, ಕಾಲುವೆಗಳು, ಚರ್ಚಿನ ಗೋಪುರ. ಮುಂದೆ ಹೆಂಡತಿಯ ತಲೆ, ಗಾಳಿಗೆ ಹಾರುವ ನರೆಗೂದಲು. ಕೊಳವೆಯಲ್ಲಿ ಅವಳ ದನಿ ಬಂತು, ಅವನಿಗೆ ಹೇಳಿದ್ದಲ್ಲ:

"ನೋಡಪ್ಪಾ. ನಿನ್ನ ಹೊಲಿಗೆ ಇನ್ನೂ ಬಿಟ್ಟಿಲ್ಲ."

ನೈಜೆಲ್‌ನ ಎದೆ ಗುಲಾಬಿ ಸ್ವೆಟರಿನ ಎರಡು ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ಜಾಕೆಟ್ಟಿಲ್ಲ, ಬೂಟಿಲ್ಲ, ಪ್ಯಾಂಟಿಲ್ಲ. ಆದರೂ ಇಡೀ ಇಂಗ್ಲೆಂಡಿನಲ್ಲಿ ತನ್ನಂಥ ಗಂಡಸು ಇನ್ನೊಬ್ಬನಿಲ್ಲ ಎಂದು ಆ ಇಪ್ಪತ್ತು ನಿಮಿಷ ಅವನಿಗೆ ನಿಜವಾಗಿಯೂ ಅನಿಸಿತು.

ಇಳಿದದ್ದು ಮೂರು ಸಲ. ಅಂದರೆ ಇಳಿಯುವಾಗ ಎರಡು ಸಲ ಪುಟಿದದ್ದನ್ನೂ ಸೇರಿಸಿ. ಕಾಲು ಬ್ರೇಕು ಹುಡುಕಿತು, ಸಿಗಲಿಲ್ಲ, ಮೇಬಲ್ ತನಗೆ ಬೇಕಾದಾಗ ನಿಂತಳು. ಚಪ್ಪಾಳೆಯೋ ಚಪ್ಪಾಳೆ! ಪಾದ್ರಿಗಳು, "ಹವಾ ಚೆನ್ನಾಗಿತ್ತು ಅಲ್ವಾ," ಅಂದರು.

ಡೋರೀನ್ ಕಣ್ಣೊರೆಸಿಕೊಂಡು ಇಳಿದು, ಗೂಡಿನಿಂದ ಕೈಚೀಲ ತೆಗೆದು ಕಂಬಳಿಯ ಮೇಲೆ ಬಿಚ್ಚಿದಳು. ಮೊದಲು ಬಂದದ್ದು ಸುತ್ತಿದ ಕ್ಯಾನ್ವಾಸು. ಅದರೊಳಗೆ ಕೊಡತಿ, ಪಾನಾಗಳು, ಕತ್ತರಿ, ಬಿಲ್ಲಿನಂತೆ ಬಾಗಿದ ಸೂಜಿಗಳು. ನೈಜೆಲ್ ಒಂದು ಕೈಯಲ್ಲಿ ಎತ್ತಿ ನೋಡಿದ. ಮುಖ ಬಿಳಿಚಿತು.

"ಡೋರೀನ್, ಇದು ಎಷ್ಟು ಭಾರ ಇದೆ?"

"ಮೂರೂವರೆ ಕಿಲೋ. ಮನೆಯಲ್ಲೇ ತೂಗಿದ್ದೆ."

"ನನ್ನ ಜಾಕೆಟ್ಟು!"

"ಅಪ್ಪ ಮೂವತ್ತೊಂಬತ್ತು ವರ್ಷ ರೆಕ್ಕೆ ಹೊಲಿದ ನೈಜೆಲ್. ಒಂದು ದಿನಾನೂ ಅವನನ್ನ ಯಾರೂ ಹತ್ತಿಸ್ಕೊಳ್ಳಲಿಲ್ಲ. ಅವನ ಕೈಲಿದ್ದದ್ದಾದ್ರೂ ಮೇಲೆ ಹೋಗಿ ಬರಲಿ ಅಂತ."

ನೈಜೆಲ್ ಕ್ಯಾನ್ವಾಸನ್ನು ಮೆಲ್ಲಗೆ ಕೆಳಗಿಟ್ಟ. ಮಾವನ ಸೂಜಿಯ ಮುಂದೆ ಜಾಕೆಟ್ಟೇನು ದೊಡ್ಡದು? ಕಣ್ಣು ಒದ್ದೆಯಾಗಿ ಅವಳ ಕೈ ಹಿಡಿಯಬೇಕು, ಅಷ್ಟರಲ್ಲಿ ಅವಳು ಚೀಲದ ತಳದಿಂದ ಒಂದು ತಗಡಿನ ಡಬ್ಬಿ ಎತ್ತಿದಳು.

"ಇದೇನು?"

"ಫ್ರೂಟ್ ಕೇಕು. ಅಪ್ಪನ ಹುಟ್ಟುಹಬ್ಬ ಅಲ್ವಾ? ಡಬ್ಬಿ ಸೇರಿ ಎರಡೂವರೆ ಕಿಲೋ."

"ಎರಡೂವರೆ! ನನ್ನ ಬೂಟು! ನನ್ನ ಪ್ಯಾಂಟು! ಕೇಕನ್ನ ಕೆಳಗೇ ಬಿಡಬಹುದಿತ್ತಲ್ಲ ಮಾರಾಯ್ತಿ! ನಾನು ಊರೆದುರು ಒಂದೊಂದಾಗಿ ಬಿಚ್ಚುವಾಗ ಬಾಯಿಬಿಟ್ಟು ಹೇಳಕ್ಕೇನಾಗಿತ್ತು?"

ಡೋರೀನ್ ಕೇಕಿಗೆ ಚಾಕು ಹಾಕುತ್ತಾ ಶಾಂತವಾಗಿ ಹೇಳಿದಳು: "ಹೆಂಗಸರ ಚೀಲದಲ್ಲಿ ಏನಿದೆ ಅಂತ ಕೇಳೋ ಗಂಡಸಲ್ಲ ನಾನು ಅಂದ್ಯಲ್ಲ. ಎಷ್ಟು ಹೆಮ್ಮೆ ಅನ್ನಿಸ್ತು ಗೊತ್ತಾ ನನಗೆ! ಅದನ್ನ ಯಾಕೆ ಹಾಳು ಮಾಡ್ಲಿ?"

ಮಿಸ್ ಥರ್ಲೋ ಮೊದಲ ಬಾರಿಗೆ ಆ ಕೇಕಿನ ದೊಡ್ಡ ತುಂಡು ತಿಂದಳು. ನೈಜೆಲ್ ಚಿಕ್ಕದು ತಿಂದ.

ಸೋಮವಾರ ಬೆಳಿಗ್ಗೆ ಅವನು ಮಾಂಸದಂಗಡಿಗೆ ಹೋದ. ನಮ್ಮೂರಿನಲ್ಲಿ ಶನಿವಾರದ ಬಗ್ಗೆ ಅಲ್ಲಿಯವರೆಗೂ ಯಾರೂ ಒಂದು ಮಾತಾಡಿರಲಿಲ್ಲ. ಬರೀ ಹವಾಮಾನ. ಎಲ್ಲರೂ ಮರೆತಿದ್ದಾರೆ ಎಂಬ ಧೈರ್ಯದಲ್ಲಿ ಎದೆ ಸೆಟೆಸಿ ನಿಂತ.

"ಅರ್ಧ ಕಿಲೋ ಸಾಸೇಜ್ ಕೊಡು ಹೊವಾರ್ಡ್. ಅಂದ ಹಾಗೆ..." ಎನ್ನುತ್ತಾ ಜೇಬಿಗೆ ಕೈಹಾಕಿದ.

"ಒಳಗಿಟ್ಕೋ ನೈಜೆಲ್," ಅಂದ ಹೊವಾರ್ಡ್, ಸಾಸೇಜನ್ನು ತಕ್ಕಡಿಗೆ ಹಾಕುತ್ತಾ. "ಮುಂಭಾಗ, ಹಿಂಭಾಗ, ತೇಪೆ ಸಮೇತ ಊರೆಲ್ಲ ನೋಡಿಯಾಗಿದೆ."