ನಳದ ಪಾಳಿಯ ಗಣಿತ

ಸರಿಯಾಗಿ ನಡೆಯುತ್ತಿರುವುದನ್ನು ಕಂಡರೆ ಕೆಲವರಿಗೆ ಸಂತೋಷವಾಗುತ್ತದೆ. ನನಗೆ ಕೈ ತುರಿಸುತ್ತದೆ. ನನ್ನ ಹೆಂಡತಿ ಶಾಂತಾ ಇದನ್ನು ರೋಗ ಎನ್ನುತ್ತಾಳೆ, ನಾನು ಸುಧಾರಣೆ ಎನ್ನುತ್ತೇನೆ. ಎಂಬತ್ತರ ದಶಕದ ಕೊನೆಗೆ ಸಂಶಿಯಲ್ಲಿ ಗಣಿತದ ಮಾಸ್ತರನಾಗಿದ್ದಾಗ ಈ ಸುಧಾರಣೆ ನಮ್ಮ ಓಣಿಯ ನಳದವರೆಗೂ ಹಬ್ಬಿತು.

ನಳಕ್ಕೆ ನೀರು ಬೆಳಿಗ್ಗೆ ಬರುತ್ತಿತ್ತು; ಎಷ್ಟು ಹೊತ್ತಿಗೆ ಎಂಬುದು ಅದರ ಮರ್ಜಿ. ಆದ್ದರಿಂದ ಹೆಂಗಸರು ನಸುಕಿನಲ್ಲೇ ಪಾಳಿ ಹಚ್ಚಿ ರೊಟ್ಟಿ ಬಡಿಯಲು ಮನೆಗೆ ಹೋಗಿಬಿಡುತ್ತಿದ್ದರು. ಪಾಳಿಯಲ್ಲಿ ನಿಲ್ಲುತ್ತಿದ್ದುದು ಕೊಡ, ತೂತುಬಿದ್ದ ಬಕೆಟ್ಟು, ಹಿಡಿಕೆ ಹೋದ ಚಹಾದ ಕಿಟ್ಲಿ, ಅದೂ ಇಲ್ಲದವರದೊಂದು ಕಲ್ಲು. ನೀರು ಬಂದೊಡನೆ ಕಲ್ಲು ಎತ್ತಿ ಆ ಜಾಗದಲ್ಲಿ ಕೊಡ ಇಡುವುದು ರೂಢಿ. ಬಾಣಂತಿಯ ಮನೆಯವರು ಬಂದರೆ ಒಂದು ಮಾತಿನಲ್ಲಿ ದಾರಿ ಸಿಗುತ್ತಿತ್ತು. ಯಜಮಾನಿಕೆ ಮಾಡುವವರು ಯಾರೂ ಇರಲಿಲ್ಲ.

ಆಗಲೇ ಒಂದು ಮಾಸಿಕದಲ್ಲಿ ಹಕ್ಕಿಗಳ ಹಿಂಡಿನ ಗಣಿತ ಓದಿದೆ. ಹಿಂಡಿಗೆ ನಾಯಕನಿಲ್ಲವಂತೆ. ಪ್ರತಿ ಹಕ್ಕಿಯೂ ತನ್ನ ಆಜುಬಾಜು ಇರುವ ಹಕ್ಕಿಗಳನ್ನಷ್ಟೇ ನೋಡುತ್ತದೆ. ಇಡೀ ಹಿಂಡು ಒಂದೇ ಮನಸ್ಸಿನಂತೆ ತಿರುಗುತ್ತದೆ. "ಯಾರೂ ಹೇಳಂಗಿಲ್ಲ, ಕೇಳಂಗಿಲ್ಲ. ತಾನಽ ಆಗ್ತೈತಿ" ಎಂದು ಶಾಂತಾಳಿಗೆ ವಿವರಿಸಿದೆ. ಅವಳು ರೊಟ್ಟಿ ತಿರುವಿಹಾಕುತ್ತ, "ಹಂಗಾದ್ರ ನೀವೂ ಸುಮ್ಮ ಕುಂದರ್ರಿ" ಎಂದಳು.

ಕೂರಲಾಗಲಿಲ್ಲ. ನಳಕ್ಕೆ ಹೋಗಿ ಎದುರುಮನೆಯ ನೀಲವ್ವನಿಗೆ, ಪಾಳಿಯಲ್ಲಿ ನಿಮ್ಮದು ಎಷ್ಟನೆಯದು ಎಂದು ಕೇಳಿದೆ. "ಅದೇನ್ ಗೊತ್ತಿಲ್ರಿ ಮಾಸ್ತರ. ಕಿಟ್ಲಿ ಹಿಂದ, ಕರೇ ಕಲ್ಲಿನ ಮುಂದ. ಅಷ್ಟಽ." ಹಕ್ಕಿಯ ಗಣಿತ ನನ್ನ ಓಣಿಯಲ್ಲೇ ಸಿಕ್ಕಿತೆಂದು ಹಿಗ್ಗಿಹೋದೆ. ಅಲ್ಲಿಗೆ ಮನೆಗೆ ಬಂದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಇರಲಿಲ್ಲ. ಆದರೆ ಕಿಸೆಯಲ್ಲಿ ಸುಣ್ಣದ ಕಡ್ಡಿ ಇತ್ತು. ಮರುದಿನ ನಸುಕಿನಲ್ಲಿ ಎಲ್ಲದರ ಮೇಲೂ ನಂಬರು ಬರೆದುಬಿಟ್ಟೆ.

ನೀರು ಬಂತು. ಕಲ್ಲಿನವರು ಕಲ್ಲೆತ್ತಿ ಕೊಡ ಇಟ್ಟರು. ನಂಬರು ಕಲ್ಲಿನ ಜೊತೆ ಹೋಯಿತು. ನಂಬರಿಲ್ಲದ ಕೊಡಕ್ಕೆ ಜಾಗವಿಲ್ಲವೆಂದು ಹಿಂದಿನವರು ತಕರಾರು ತೆಗೆದರು. ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಸಾಕ್ಷಿಯಾಗಿ ಕಲ್ಲು ಹಿಡಿದು ಹೆಂಗಸರು ನಿಂತರು. ಬಾಣಂತಿಯ ಅತ್ತೆಗೆ, "ನಿಮ್ಮ ನಂಬರ್ ಎಲ್ಲೈತ್ರಿ?" ಎಂಬ ಪ್ರಶ್ನೆ ಎದುರಾಯಿತು. ವಾದ ಮುಗಿಯುವಷ್ಟರಲ್ಲಿ ನೀರು ಗಟಾರ ಸೇರಿತ್ತು. ನನಗೆ ನಾಚಿಕೆಯಾಯಿತು, ಆದರೆ ತಪ್ಪು ಕಲ್ಲಿನದು ಎಂದೇ ವಾದಿಸಿದೆ.

ಅದರ ಮರುದಿನ ನಮ್ಮ ಮಾವ ಬರುವವರಿದ್ದರು. ಮಳೆ-ನೀರಿಗೆ ಬರವಿಲ್ಲದ ಕಲಘಟಗಿಯ ಕಡೆಯವರು, ಹಂಡೆಗಟ್ಟಲೆ ನೀರು ಸುರಿದುಕೊಂಡು ಬೆಳೆದವರು. ಮನೆಯಲ್ಲಿ ಕುಡಿಯುವ ನೀರಷ್ಟೇ ಉಳಿದಿತ್ತು. ಎಲ್ಲರಿಗಿಂತ ಮುಂಚೆ ಹೋಗಿ ನಮ್ಮ ಕೊಡವನ್ನು ಮೊದಲಿಗೇ ಇಟ್ಟು ಬಂದೆ. ಬೆಳಗಾದ ಮೇಲೆ ನೋಡಿದರೆ ಅದು ಕಟ್ಟಕಡೆಗೆ ನಿಂತಿತ್ತು.

"ಯಾರ್ರೀ ಇದನ್ನ ಹಿಂದಕ್ಕ ಒಗದವರು?" ಎಂದೆ.

"ನಾ ಒಗದಿಲ್ರಿ" ಎಂದಳು ನೀಲವ್ವ. "ನಂದರ ಹಿಂದ ಒಂದು ಸರಿಸೀನಿ, ಅಷ್ಟಽ."

ಹಿಂದಿನವಳೂ ಅಷ್ಟೇ ಮಾಡಿದ್ದಳು. ಅವಳ ಹಿಂದಿನವಳೂ. ಒಬ್ಬೊಬ್ಬರೂ ತಂತಮ್ಮ ಕೊಡದ ಹಿಂದೆ ಒಂದೊಂದೇ ಜಾಗ. ಯಾರೂ ಯಾರಿಗೂ ಹೇಳಿರಲಿಲ್ಲ. ಮಾಸಿಕದಲ್ಲಿ ಇದಕ್ಕಿಂತ ಚೆಂದದ ಉದಾಹರಣೆ ಇರಲಿಲ್ಲ.

ಮೋರೆ ಜೋಲು ಹಾಕಿಕೊಂಡು ಮನೆಗೆ ಬಂದೆ. ಅಷ್ಟರಲ್ಲಿ ಮೊದಲ ಬಸ್ಸಿಗೇ ಬಂದಿಳಿದಿದ್ದ ಮಾವ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲ ಬಾಗಿಲಲ್ಲಿ ಕುಳಿತಿದ್ದರು. ಸಮಯ ಸಾಗಿಸಲು ಅವರಿಗೆ ಹಕ್ಕಿಗಳ ವಿಷಯ ಹೇಳತೊಡಗಿದೆ. "ಹಕ್ಕಿ ಇರ್ಲಿ, ನೀರೆಲ್ಲಿ ಅಳಿಯಂದ್ರ?" ಎಂದರು. ಶಾಂತಾ ನಳಕ್ಕೆ ಹೋದಳು. "ಅಪ್ಪಾ ಬಂದಾರವಾ" ಎಂದಿದ್ದಷ್ಟೇ. ಕೊಡ ಒಂದೊಂದೇ ಜಾಗ ಮುಂದೆ ಸರಿಯುತ್ತ ನಳದ ಬಾಯಿಗೆ ಬಂತು.

ನೀರು ಬಂತು, ಮಾವನ ಸ್ನಾನವಾಯಿತು, ಹಂಡೆ ಬರಿದಾಯಿತು. ಶಾಲೆಗೆ ಹೊತ್ತಾಗಿತ್ತು. ಟವೆಲ್ಲು ಹೆಗಲಿಗೇರಿಸಿ, "ನನ್ನ ಸ್ನಾನ?" ಎಂದೆ.

"ನೀವು ಸುಮ್ಮ ಕುಂದರ್ರಿ" ಎಂದಳು ಶಾಂತಾ. "ತಾನಽ ಆಗ್ತೈತಿ."