ಗೇರ್ ಮೇಷ್ಟ್ರ ಕಣ್ಣು ಪಾಸಾಯಿತು

ಕಾರಿನ ಕೀ ಆರು ವಾರದಿಂದ ಸಕ್ಕರೆ ಡಬ್ಬಿಯಲ್ಲಿತ್ತು. ಅದು ಅಲ್ಲಿದೆಯೆಂದು ಗೇರ್ ಮೇಷ್ಟ್ರಿಗೆ ಮೊದಲ ದಿನವೇ ಗೊತ್ತಾಗಿತ್ತು. ಆದರೆ ಗೊತ್ತಿರುವುದು ಬೇರೆ, ಹೆಂಡತಿ ಅಡುಗೆಮನೆಯಲ್ಲಿರುವಾಗ ಕೈ ಹಾಕುವುದು ಬೇರೆ.

ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಊರಿನ ಅರ್ಧ ಜನಕ್ಕೆ ಕ್ಲಚ್ ತುಳಿಯಲು ಕಲಿಸಿ, ಎರಡು ವರ್ಷದ ಹಿಂದೆ ನಿವೃತ್ತರಾದವರು ಅವರು. ನಿಜವಾದ ಹೆಸರು ಹೇಳಿದರೆ ಬೀದಿಯಲ್ಲಿ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ಗೇರ್ ಮೇಷ್ಟ್ರು ಎಂದರೆ ಬೀದಿನಾಯಿಯೂ ದಾರಿ ತೋರಿಸುತ್ತಿತ್ತು. ಎರಡೂ ಕಣ್ಣಿಗೆ ಪೊರೆ ಬಂದು, ಒಂದಾದ ಮೇಲೊಂದು ಆಪರೇಷನ್ ಆಗಿ, ಎರಡನೆಯದಕ್ಕೆ ಈಗ ಆರು ವಾರ. "ಆಸ್ಪತ್ರೆಯವರು ಸರಿ ಅನ್ನೋವರೆಗೂ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ" ಎಂದು ಹೆಂಡತಿ ಅಪ್ಪಣೆ ಹೊರಡಿಸಿಬಿಟ್ಟಿದ್ದರು.

ಮೇಷ್ಟ್ರು ಅದನ್ನೂ ಸಹಿಸಿಕೊಂಡಿದ್ದರು. ಆದರೆ ಮರುದಿನ ಬೆಳಿಗ್ಗೆ ಒಂಬತ್ತರ ರೈಲಿಗೆ ತಂಗಿ ಬರುವವಳಿದ್ದಳು, ಹನ್ನೊಂದು ವರ್ಷದ ಮೇಲೆ. "ಸ್ಟೇಷನ್ನಿಗೆ ಕಾರ್ ತಗೊಂಡು ನಾನೇ ಬರ್ತೀನಿ, ನೀನು ಆರಾಮಾಗಿ ಇಳಿ" ಎಂದು ಫೋನಿನಲ್ಲಿ ಎದೆ ತಟ್ಟಿಕೊಂಡು ಹೇಳಿಯಾಗಿತ್ತು. ಈಗ ಟ್ಯಾಕ್ಸಿಯಿಂದ ಇಳಿದರೆ ಮಾನ ಎಲ್ಲಿ ಉಳಿಯಬೇಕು?

ಅಷ್ಟರಲ್ಲಿ ಆಸ್ಪತ್ರೆಯಿಂದ ಮೊಬೈಲಿಗೆ ಒಂದು ಲಿಂಕ್ ಬಂತು. ಮನೆಯಲ್ಲೇ ಇದ್ದು ಆನ್‌ಲೈನಿನಲ್ಲಿ ಕಣ್ಣು ಪರೀಕ್ಷೆ ಮಾಡಿಕೊಳ್ಳಬಹುದು. ಫಲಿತಾಂಶ ತಕ್ಷಣ ಗೊತ್ತಾಗುತ್ತದೆ.

"ಬಂತು ನೋಡು!" ಎಂದರು ಮೇಷ್ಟ್ರು. "ಹತ್ತು ನಿಮಿಷದ ಕೆಲಸ. ಕೀ ತೆಗೆದು ಒರೆಸಿಡು, ಸಕ್ಕರೆ ಅಂಟಿರುತ್ತೆ."

"ಮೊದಲು ಪಾಸಾಗಿ" ಎಂದರು ಹೆಂಡತಿ.

ಮೊಬೈಲಿನ ಪರದೆ ಚಿಕ್ಕದಾಯಿತೆಂದು ಎದುರುಮನೆಯ ಗಣಿತದ ಟೀಚರ್ ಹತ್ತಿರ ಲ್ಯಾಪ್‌ಟಾಪ್ ಕೇಳಿದ್ದೇ ತಪ್ಪಾಯಿತು. ಲ್ಯಾಪ್‌ಟಾಪಿನ ಹಿಂದೆಯೇ ಟೀಚರೂ ಬಂದರು. ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಪರೀಕ್ಷೆ ಎಂಬ ಶಬ್ದ ಕಿವಿಗೆ ಬಿದ್ದರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

"ಮೂರು ಮೀಟರ್ ದೂರ ನಿಲ್ಬೇಕು ಅಂತಿದೆ" ಎಂದು ಓದಿ, ಟೀಚರ್ ಬಗ್ಗಿ ನೆಲದ ಟೈಲ್ಸ್ ಎಣಿಸತೊಡಗಿದರು. "ಒಂದು ಟೈಲ್ ಮೂವತ್ತು ಸೆಂಟಿಮೀಟರ್. ಹತ್ತು ಟೈಲ್ ಬೇಕು. ಇಲ್ಲಿ ಎಂಟೇ ಇದೆ."

"ಎಂಟರಲ್ಲೇ ಮುಗಿಸೋಣ ಟೀಚರ್, ಎರಡರಲ್ಲಿ ಏನು ಮಹಾ?"

"ಎರಡು ಮಾರ್ಕಿಗೆ ಫೇಲಾದವರನ್ನ ನಾನು ನೋಡಿಲ್ವಾ ಮೇಷ್ಟ್ರೇ?"

ಲ್ಯಾಪ್‌ಟಾಪ್ ಇಟ್ಟಿದ್ದ ಟೇಬಲ್ಲನ್ನು ಹಿಂದೆ ತಳ್ಳೋಣವೆಂದರೆ ಫ್ರಿಜ್. ಫ್ರಿಜ್ ಹಿಂದೆ ತಳ್ಳೋಣವೆಂದರೆ ಗೋಡೆ. ಕಡೆಗೆ ಮೇಷ್ಟ್ರೇ ಹಿಂದೆ ಹಿಂದೆ ಸರಿದು, ಹೊಸ್ತಿಲು ದಾಟಿ, ಮೊದಲ ಮಹಡಿಯ ಆ ಮನೆಯ ಹೊರಗೆ ಮೆಟ್ಟಿಲಿಗೆ ಬೆನ್ನು ಹಾಕಿ ನಿಲ್ಲಬೇಕಾಯಿತು. ಒಂದು ಕಣ್ಣು ಮುಚ್ಚಿಕೊಳ್ಳಲು ಹೆಂಡತಿ ಸೌಟು ಕೊಟ್ಟರು. ಅಳತೆ ಕೊಟ್ಟು ಮಾಡಿಸಿದಂತೆ ಅದು ಕಣ್ಣಿಗೆ ಕೂತಿತು.

ಪರೀಕ್ಷೆ ಸುಲಭದ್ದೇ. ಹಲ್ಲು ಉದುರಿ ಮೂರೇ ಉಳಿದ ಬಾಚಣಿಗೆಯಂತಿರುವ ಇಂಗ್ಲಿಷಿನ 'ಇ' ಅಕ್ಷರ ಪರದೆಯ ಮೇಲೆ ಒಂದೊಂದು ಸಲ ಒಂದೊಂದು ಕಡೆ ತಿರುಗಿ ಬರುತ್ತದೆ, ಬರಬರುತ್ತ ಚಿಕ್ಕದಾಗುತ್ತದೆ. ಆ ಹಲ್ಲು ಯಾವ ಕಡೆಗಿದೆ ಎಂದು ಹೇಳಬೇಕು.

"ಕೈಯಲ್ಲಿ ತೋರಿಸ್ಬೇಡಿ, ನಾನು ಗುಂಡಿ ಒತ್ತುತ್ತಿರ್ತೀನಿ. ಬಾಯಲ್ಲಿ ಹೇಳಿ, ಗಟ್ಟಿಯಾಗಿ" ಎಂದರು ಟೀಚರ್.

ಗಟ್ಟಿಯಾಗಿ ಎಂದು ಗೇರ್ ಮೇಷ್ಟ್ರಿಗೆ ಹೇಳುವುದೆಂದರೆ ಗುಡುಗಿಗೆ ಮೈಕ್ ಕೊಟ್ಟಂತೆ. ಲಾರಿ, ಬಸ್ಸುಗಳ ಸದ್ದಿನ ನಡುವೆ ಮೂವತ್ತೊಂದು ವರ್ಷ ಕೂಗಿದ ಗಂಟಲು ಅದು.

"ಬಲಕ್ಕೆ!" ಎಂದರು. ಸರಿಯಾಯಿತು. "ಮೇಲಕ್ಕೆ!" ಅದೂ ಸರಿ. ಬಲಗಣ್ಣು ಒಂದೂ ತಪ್ಪಿಲ್ಲದೆ ಮುಗಿಯಿತು. ಮೇಷ್ಟ್ರು ಸೌಟು ಬದಲಾಯಿಸಿ ಎಡಗಣ್ಣಿಗೆ ಸಜ್ಜಾದರು.

ಮೇಲಿನ ಮಹಡಿಗೆ ಅವತ್ತು ಹೊಸ ಬಾಡಿಗೆದಾರರು ಬರುವವರಿದ್ದರು. ಅವರ ಕಬ್ಬಿಣದ ಬೀರುವನ್ನು ಇಬ್ಬರು ಹಮಾಲಿಗಳು ಅದೇ ಹೊತ್ತಿಗೆ ಮೆಟ್ಟಿಲೇರಿಸುತ್ತಿದ್ದರು. ಒಬ್ಬ ಮುಂದೆ, ಒಬ್ಬ ಹಿಂದೆ, ನಡುವೆ ಬೀರು. ಇಬ್ಬರಿಗೂ ಕಾಣುತ್ತಿದ್ದುದು ಬೀರು ಮಾತ್ರ. ತಿರುವಿಗೆ ಬಂದಾಗ ಮೇಲಿನಿಂದ ಅಧಿಕಾರವಾಣಿಯೊಂದು ಕೇಳಿಸಿತು.

"ಎಡಕ್ಕೆ!"

ಮನೆಯವರೇ ದಾರಿ ಹೇಳುತ್ತಿದ್ದಾರೆಂದು ಹಮಾಲಿಗಳು ಬೀರುವನ್ನು ಎಡಕ್ಕೆ ಹೊರಳಿಸಿದರು.

"ಮೇಲಕ್ಕೆ!"

ಎತ್ತಿದರು.

"ಬಲಕ್ಕೆ! ಕೆಳಕ್ಕೆ! ಬಲಕ್ಕೆ!"

"ಯಾವ ಕಡೆಗೆ ಅಂತ ಒಂದು ಹೇಳಿ ಸಾರ್!" ಎಂದು ಕೆಳಗಿನವನು ಕೂಗುವಷ್ಟರಲ್ಲಿ ಧಡಾರ್ ಎಂದು ಶಬ್ದವಾಯಿತು. ಬೀರುವಿನ ತಲೆ ಗೋಡೆಗೆ, ಕಾಲು ಕಂಬಿಗೆ ಸಿಕ್ಕಿಕೊಂಡು, ಬಾಟಲಿಯ ಬಾಯಿಗೆ ಜಡಿದ ಬಿರಡೆಯಂತೆ ಮೆಟ್ಟಿಲು ಮುಚ್ಚಿಹೋಯಿತು. ಕೆಳಗಿನಿಂದ ತರಕಾರಿ ಚೀಲ ಹಿಡಿದವರು, ಮೇಲಿನಿಂದ ಕೆಲಸಕ್ಕೆ ಹೊರಟವರು ಅಲ್ಲಲ್ಲೇ ನಿಂತರು.

"ಏನ್ ಸಾರ್ ನೀವು? ಇಷ್ಟು ದೊಡ್ಡ ಬೀರು ಕಣ್ಣಿಗೆ ಕಾಣ್ಲಿಲ್ವಾ?" ಎಂದ ಮುಂದಿನ ಹಮಾಲಿ, ಬೆವರು ಒರೆಸಿಕೊಳ್ಳುತ್ತ.

"ಬೀರು ನನ್ನ ಬೆನ್ನ ಹಿಂದೆ ಇತ್ತಯ್ಯಾ!" ಎನ್ನುತ್ತ ಮೇಷ್ಟ್ರು ತಿರುಗಹೋದರು.

"ಮೇಷ್ಟ್ರೇ!" ಒಳಗಿನಿಂದ ಟೀಚರ ದನಿ ಬೆತ್ತದಂತೆ ಬೀಸಿತು. "ಕೊನೇ ಸಾಲು ಬಾಕಿ ಇದೆ. ಪರೀಕ್ಷೆ ಮುಗಿಯೋವರೆಗೂ ತಿರುಗಿ ನೋಡೋ ಹಾಗಿಲ್ಲ."

ಕಬ್ಬಿಣದ ಬೀರು, ಎರಡು ಮಹಡಿಯ ಜನ, ಇಬ್ಬರು ಹಮಾಲಿಗಳು, ಎಲ್ಲರೂ ಉಸಿರು ಬಿಗಿಹಿಡಿದರು. ಪರದೆಯ ಮೇಲೆ ಇರುವೆಯಷ್ಟು ಚಿಕ್ಕ ಅಕ್ಷರ ಬಂತು.

"ಕೆಳಕ್ಕೆ. ಎಡಕ್ಕೆ. ಎಡಕ್ಕೆ. ಮೇಲಕ್ಕೆ."

ಲ್ಯಾಪ್‌ಟಾಪ್ ಟಿಣ್ ಎಂದಿತು. "ಎರಡೂ ಕಣ್ಣಿನ ದೃಷ್ಟಿ ಉತ್ತಮ!" ಎಂದು ಟೀಚರ್ ರ‍್ಯಾಂಕ್ ಪ್ರಕಟಿಸುವಂತೆ ಓದಿದರು. ಸಿಕ್ಕಿಕೊಂಡಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಮೇಷ್ಟ್ರಿಗೆ ಹತ್ತು ವರ್ಷ ಕಡಿಮೆ ಮಾಡಿತು. ಸೌಟನ್ನು ಸಿಗ್ನಲ್ ಬಾವುಟದಂತೆ ಎತ್ತಿ ಬೀರುವಿನತ್ತ ನಡೆದರು. "ಇದಕ್ಕೆಲ್ಲಾ ಗಾಬರಿ ಯಾಕೆ? ಇಕ್ಕಟ್ಟು ಸಂದಿಯಲ್ಲಿ ನಿಲ್ಲಿಸಿದ ಕಾರ್ ತೆಗೆದ ಹಾಗೇ. ಮೊದಲು ರಿವರ್ಸ್. ಹಿಂದಿನವನು ಅರ್ಧ ಮೆಟ್ಟಿಲು ಇಳಿ. ಈಗ ಫುಲ್ ರೈಟ್ ಕಟ್ ಮಾಡು. ಮೆಲ್ಲಗೆ, ಮೆಲ್ಲಗೆ... ಹಾಂ, ನೇರ ಮಾಡು, ಬಾ!" ಮೂರು ಸಲಕ್ಕೆ ಬೀರು ಬೆಣ್ಣೆಯಿಂದ ಕೂದಲು ಎಳೆದಂತೆ ಜಾರಿ ಮೇಷ್ಟ್ರ ಬಾಗಿಲ ಮುಂದೆ ಬಂದು ನಿಂತಿತು.

ಹೆಂಡತಿ ಮಾತಿಗೆ ತಪ್ಪಲಿಲ್ಲ. ಒಳಗೆ ಹೋಗಿ ಕೀ ತಂದು, ಸಕ್ಕರೆ ಒರೆಸಿ, ಎಲ್ಲರೆದುರಿಗೇ ಕೈಗಿತ್ತರು. ಮೇಷ್ಟ್ರು ಅದನ್ನು ಬೆರಳಿಗೆ ಸಿಕ್ಕಿಸಿ ಒಂದು ಸುತ್ತು ತಿರುಗಿಸಿದರು.

"ಸಾರ್ ನಿಜವಾಗ್ಲೂ ಡ್ರೈವಿಂಗ್ ಮೇಷ್ಟ್ರಾ?" ಎಂದ ಮುಂದಿನ ಹಮಾಲಿ ಹಲ್ಲು ಕಿರಿದು. "ಲೈಸೆನ್ಸ್ ಇದೆ ತಾನೇ?"

ತಮಾಷೆಗೆ ಕೇಳಿದ್ದು. ನಕ್ಕು ಸುಮ್ಮನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಲೈಸೆನ್ಸ್ ಇದೆಯಾ ಅಂತ ನನ್ನ ಕೇಳ್ತೀಯಾ?" ಮೇಷ್ಟ್ರು ಪರ್ಸಿನಿಂದ ಕಾರ್ಡು ಎಳೆದು, ಹೆಂಡತಿಯ ಓದುವ ಕನ್ನಡಕವನ್ನು ಕಸಿದು ಮೂಗಿಗೇರಿಸಿದರು. "ಹತ್ತಿರದ್ದಕ್ಕೆ ಕನ್ನಡಕ ಬೇಕು ಅಂತ ಡಾಕ್ಟರೇ ಹೇಳಿದಾರೆ, ಅದು ಲೆಕ್ಕಕ್ಕಿಲ್ಲ. ಕೇಳು, ಅತಿ ಸಣ್ಣ ಅಕ್ಷರವನ್ನೂ ಓದ್ತೀನಿ. ಇದು ನಂಬರು. ಇದು ಕೊಟ್ಟ ತಾರೀಕು. ಇದು ಚಾಲ್ತಿಯಲ್ಲಿರುವ ಕೊನೆಯ..."

ಮುಂದಕ್ಕೆ ಹೋಗಲಿಲ್ಲ. ದಿಣ್ಣೆ ಏರುವಾಗ ಆಫ್ ಆದ ಎಂಜಿನ್ನಿನಂತೆ ದನಿ ನಿಂತುಬಿಟ್ಟಿತು.

ಟೀಚರ್ ಕತ್ತು ಚಾಚಿ ನೋಡಿದರು. ಲೆಕ್ಕ ಅವರ ಬಾಯಿಂದ ತಾನಾಗಿ ಹೊರಬಂತು. "ಮುಗಿದು ಹದಿನಾರು ತಿಂಗಳು, ಹನ್ನೆರಡು ದಿನ."

"ಪೊರೆ ಇತ್ತಲ್ಲ" ಎಂದರು ಮೇಷ್ಟ್ರು, ತಮಗೇ ಕೇಳಿಸದಷ್ಟು ಮೆಲ್ಲಗೆ. "ಕಾಣ್ತಿರಲಿಲ್ಲ."

"ವರ್ಷ ದಾಟಿದ್ರೆ ಮೊದಲಿಂದ ಮಾಡಿಸ್ಬೇಕು ಸಾರ್" ಎಂದ ಹಮಾಲಿ, ಈಗ ನಿಜವಾದ ಕನಿಕರದಿಂದ. "ನಮ್ಮ ಲಾರಿ ಡ್ರೈವರಿಗೂ ಹಂಗೇ ಆಯ್ತು. ಎಲ್ ಬೋರ್ಡ್ ಕಟ್ಕೊಂಡು ಒಂದು ತಿಂಗಳು. ಯಾವುದಾದ್ರೂ ಒಳ್ಳೇ ಡ್ರೈವಿಂಗ್ ಸ್ಕೂಲಿಗೆ ಸೇರ್ಕೊಳ್ಳಿ, ಬೇಗ ಆಗುತ್ತೆ."

ಮೆಟ್ಟಿಲ ಮೇಲಿನ ಜನ ಒಬ್ಬೊಬ್ಬರೇ ಕೆಮ್ಮುತ್ತ ಕರಗಿದರು. ಹೆಂಡತಿ ಗಂಡನ ಬೆರಳಿನಿಂದ ಕೀ ಬಿಡಿಸಿಕೊಂಡು ಒಳಗೆ ಹೋಗಿ, ಕಪಾಟಿನ ತಳದಿಂದ ಒಂದು ಕವರು ತೆಗೆದರು. ಇಪ್ಪತ್ತು ವರ್ಷದ ಹಿಂದೆ ಮೇಷ್ಟ್ರೇ ಕಲಿಸಿ ಕೊಡಿಸಿದ ಅವರ ಲೈಸೆನ್ಸು ಅದು. ಕಲಿಸಿದ್ದೇನೋ ನಿಜ, ಬೀದಿಯ ತುದಿಯಾಚೆ ಒಂದು ದಿನವೂ ಓಡಿಸಲು ಬಿಟ್ಟಿರಲಿಲ್ಲ. ಹೆಂಡತಿ ಮಾತ್ರ ಅವಧಿ ಮುಗಿಯುವ ಮೊದಲೇ ನೆನಪಿಟ್ಟು ನವೀಕರಿಸಿಕೊಂಡಿದ್ದರು.

"ಬೆಳಿಗ್ಗೆ ಎಂಟಕ್ಕೇ ಹೊರಡೋಣ ರೀ" ಎಂದರು. "ನಾನು ನಿಧಾನಕ್ಕೆ ಓಡಿಸ್ತೀನಿ."

ನಿಧಾನವೆಂಬುದು ಬೀದಿ ದಾಟುವವರೆಗೆ ಮಾತ್ರ ಇತ್ತು. ಸ್ಟೇಷನ್ ತಲುಪುವಷ್ಟರಲ್ಲಿ, ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕನ್ನು ತುಳಿದೂ ತುಳಿದೂ ಮೇಷ್ಟ್ರ ಮೀನಖಂಡ ಹಿಡಿದುಕೊಂಡಿತ್ತು. ಮರಳುವ ದಾರಿಯಲ್ಲಿ ತಂಗಿ ಹಿಂದಿನ ಸೀಟಿನಲ್ಲಿ ಕೂತು, ಅತ್ತಿಗೆಯ ಕೈಚಳಕವನ್ನು ಬಾಯಿ ತುಂಬ ಹೊಗಳಿ, ಅಣ್ಣನ ಭುಜ ಮುಟ್ಟಿದಳು.

"ಕಣ್ಣು ಈಗ ಹೇಗಿದೆ ಅಣ್ಣಾ?"

ಹೆಂಡತಿ ಹಾರ್ನ್ ಒತ್ತಿ ಮುಂದಿದ್ದ ಬಸ್ಸನ್ನು ಹಿಂದೆ ಹಾಕಲು ಹೊರಟಿದ್ದರು.

"ತುಂಬಾ ಚೆನ್ನಾಗಿದೆಯಮ್ಮ, ಎಲ್ಲಾ ಸ್ಪಷ್ಟವಾಗಿ ಕಾಣುತ್ತೆ" ಎಂದರು ಮೇಷ್ಟ್ರು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು.