ನೂರ ನಲವತ್ತು ಮನೆ, ನಾಲ್ಕು ಗುಂಪು

ಗುಂಪಣ್ಣ ತೀರಿಕೊಂಡ ದಿನ ಬಂದವರೆಲ್ಲ "ಎಂಥ ಸಾಧು ಮನುಷ್ಯ!" ಎಂದು ಕಣ್ಣೊರೆಸಿಕೊಂಡರು. ಶುದ್ಧ ಸುಳ್ಳು! ಆ ಮಾತು ಕಿವಿಗೆ ಬಿದ್ದಿದ್ದರೆ ಎದ್ದು ಕೂತು ಜಗಳಕ್ಕೆ ನಿಲ್ಲುವ ಆಸಾಮಿ ಅವನು. ಬೇಕಿದ್ದರೆ ಹೊಲಿಗೆ ಅಂಗಡಿಯ ಪ್ರಸಂಗ ಕೇಳಿ, ಆಮೇಲೆ ನೀವೇ ಹೇಳಿ.

ಅವನದು ಮಾರುಕಟ್ಟೆ ಸರ್ವೆಯ ಕೆಲಸ. ಮನೆ ಮನೆ ಬಾಗಿಲು ತಟ್ಟಿ ವಯಸ್ಸೆಷ್ಟು, ಎಷ್ಟು ಜನ, ಸಂಜೆ ಹೊತ್ತು ಹೇಗೆ ಕಳೀತೀರಿ ಎಂದೆಲ್ಲ ಕೇಳಿ, ಯಾರಿಗೆ ಯಾವ ಸೋಪು ಮಾರಬಹುದೆಂದು ವಿಂಗಡಿಸಿ ಕೊಡುವುದು. ಕಂಡವರನ್ನೆಲ್ಲ ಯಾವುದಾದರೊಂದು ಗುಂಪಿಗೆ ತಳ್ಳುವ ಚಾಳಿ ಹತ್ತಿ, ಗೆಳೆಯರ ಬಾಯಲ್ಲಿ ಗುಂಪಣ್ಣನಾದ.

ಅವನ ಹೆಂಡತಿ ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ, ತೇಪೆ ಹಾಕುವ ಪುಟ್ಟ ಅಂಗಡಿ ತೆರೆದು ಎರಡು ತಿಂಗಳಾಗಿತ್ತು. ಒಳಗೆ ಕಾಲಿಟ್ಟವರು ನಾಲ್ಕೇ ಜನ. ಅದರಲ್ಲಿಬ್ಬರು ದಾರಿ ಕೇಳಲು ಬಂದವರು! ಕಟ್ಟಡದ ಯಜಮಾನರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಬರೋ ಶನಿವಾರ ಬರ್ತೀನಮ್ಮ. ಆಗಲೂ ಹೀಗೇ ಭಣಭಣ ಅಂತಿದ್ರೆ, ಜಾಗ ಔಷಧಿ ಅಂಗಡಿಯವರಿಗೆ."

ಅವಳು ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಗುಂಪಣ್ಣ ತಟ್ಟೆಯ ಮುಂದೆಯೇ ಪ್ರತಿಜ್ಞೆ ಮಾಡಿದ.

"ಶನಿವಾರ ಹತ್ತು ಗಂಟೆಗೆ ನಿನ್ನ ಅಂಗಡಿ ಮುಂದೆ ಸಾಲು ನಿಲ್ಲಿಸ್ತೀನಿ ಕಣೇ! ದೇಶಕ್ಕೆಲ್ಲ ಗಿರಾಕಿ ಹುಡುಕಿ ಕೊಟ್ಟವನು, ಹೆಂಡತಿಗೆ ಹುಡುಕಲಾರೆನೇ?"

"ನೀವು ಸುಮ್ಮನಿದ್ರೆ ಅಷ್ಟೇ ಸಾಕು ಕಣ್ರೀ."

ಸುಮ್ಮನಿರುವುದೆ? ಎರಡೇ ಸಂಜೆಯಲ್ಲಿ ಬೀದಿಯ ನೂರ ನಲವತ್ತು ಮನೆಯನ್ನೂ ಸರ್ವೆ ಮಾಡಿ ನಾಲ್ಕು ಗುಂಪು ಕಟ್ಟಿದ. ಹೊಟ್ಟೆ ಒಳಗೆಳೆದುಕೊಳ್ಳುವವರು. ತೆಳ್ಳಗಾದ ಮೇಲೆ ಹಾಕೋಣವೆಂದು ಎತ್ತಿಟ್ಟವರು. ಹೊರಗೆ ಇಸ್ತ್ರಿ ಒಳಗೆ ತೇಪೆಯವರು. ವಯಸ್ಸು ಒಪ್ಪದವರು. ಇವೆಲ್ಲ ತನ್ನ ಖಾಸಗಿ ಬಳಕೆಗೆ ಇಟ್ಟ ಹೆಸರುಗಳು, ಪಾಪ! ಆಫೀಸಿನ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದ: ಒಂದು ಕಾಲಮ್ಮಿನಲ್ಲಿ ಮನೆಯವರ ಹೆಸರು, ಪಕ್ಕದ ಕಾಲಮ್ಮಿನಲ್ಲಿ ಗುಂಪು. "ಮಾನ್ಯ" ಎಂದು ಶುರುವಾಗುವ ಕಾಗದ ಬರೆದು, ಹೆಸರು ತಾನಾಗಿ ಬಂದು ಕೂರುವಂತೆ ಗುಂಡಿ ಒತ್ತಿದ. ಒಂದು ಪ್ರತಿ ತೆಗೆದು, ಹಿಂಬದಿಯಲ್ಲಿ ಅಂಗಡಿಯ ನಕ್ಷೆ ಸರಿಯಾಗಿ ಮೂಡಿದೆಯೇ ಎಂದಷ್ಟೇ ನೋಡಿದ. ಮುಂಬದಿ ನೋಡುವುದು ಹೊಸಬರ ಕೆಲಸ! ನಕ್ಷೆ ಹೊರಗೆ ಕಾಣುವಂತೆ ಮಡಚಿ, ಶನಿವಾರ ಬೆಳಗಾಗುತ್ತಲೇ ಪಟ್ಟಿಯ ಕ್ರಮದಲ್ಲೇ ಮನೆ ಮನೆಯ ಪೆಟ್ಟಿಗೆಗೆ ಹಾಕಿ ಬಂದ.

ಹತ್ತಕ್ಕೆ ಸರಿಯಾಗಿ ಮೊದಲ ಗಿರಾಕಿ ಬಂದರು. ಎದುರುಮನೆಯ ದಂತವೈದ್ಯರು. ಕೈಯಲ್ಲಿ ಕಾಗದ.

"ಏನ್ರೀ ಇದು? 'ಮಾನ್ಯ ಹೊಟ್ಟೆ ಒಳಗೆಳೆದುಕೊಳ್ಳುವವರೇ, ನಿಮ್ಮಂಥವರಿಗೆಂದೇ ನಮ್ಮ ಅಂಗಡಿ'!"

ಗುಂಪಣ್ಣ ಕಾಗದ ಕಸಿದುಕೊಂಡು ಈಗ ಮುಂಬದಿ ನೋಡಿದ. ಕಂಪ್ಯೂಟರು ಹೆಸರಿನ ಕಾಲಮ್ಮು ಬಿಟ್ಟು ಗುಂಪಿನ ಕಾಲಮ್ಮನ್ನು ಎತ್ತಿಕೊಂಡಿತ್ತು. ನೂರ ನಲವತ್ತು ಕಾಗದದಲ್ಲೂ!

ಅಷ್ಟರಲ್ಲಿ ಮೂಲೆಮನೆಯ ಸಂಗೀತದ ಮೇಡಂ ನುಗ್ಗಿದರು. "ವಯಸ್ಸು ಒಪ್ಪದವಳಂತೆ! ನನ್ನ ವಯಸ್ಸೆಷ್ಟೂಂತ ಗೊತ್ತೇನ್ರೀ ನಿಮಗೆ?"

"ಗೊತ್ತು ಮೇಡಂ. ಮೊನ್ನೆ ನಲವತ್ತೊಂದು ಅಂದ್ರಿ. ಆರು ವರ್ಷದ ಹಿಂದೆ ಸೋಪಿನ ಸರ್ವೆಗೂ ನಲವತ್ತೊಂದೇ ಅಂದಿದ್ರಿ."

ಹಿಂದೆ ನಿಂತವರು ಕಿಸಕ್ಕೆಂದರು. ಹಿಂದೆ ಯಾರು? ಬೀದಿಗೆ ಬೀದಿಯೇ! ಒಬ್ಬರ ಕಾಗದ ಇನ್ನೊಬ್ಬರು ಕಸಿದು ಓದುತ್ತಿದ್ದಾರೆ. ತಮಗೆ ಬಂದದ್ದು ಅನ್ಯಾಯ, ಪಕ್ಕದ ಮನೆಯವರಿಗೆ ಬಂದದ್ದು ಅಕ್ಷರಶಃ ಸತ್ಯ!

"ಕ್ಷಮೆ ಕೇಳ್ರೀ, ನಿಮ್ಮ ದಮ್ಮಯ್ಯ," ಹೆಂಡತಿ ತೋಳು ಹಿಡಿದು ಪಿಸುಗುಟ್ಟಿದಳು. "ಯಜಮಾನರು ಬರೋ ಹೊತ್ತು."

"ಯಾಕೆ ಕೇಳಲಿ?" ಗುಂಪಣ್ಣ ಸ್ಟೂಲು ಹತ್ತಿದ. "ಹೆಸರು ತಪ್ಪಿರಬಹುದು, ಗುಂಪು ತಪ್ಪಿಲ್ಲ! ತಪ್ಪಿದೆ ಅನ್ನೋರು ಬಂದು ಅಳತೆ ಕೊಡಿ!"

"ಹಿಡೀರಿ ಟೇಪು!" ದಂತವೈದ್ಯರು ಗರ್ಜಿಸಿ ಮುಂದೆ ಬಂದು, ಎರಡೂ ಕೈ ಎತ್ತಿ ನಿಂತರು. ಅವಳು ಸೊಂಟಕ್ಕೆ ಟೇಪು ಸುತ್ತಿದಳು. ಬೀದಿ ಉಸಿರು ಬಿಗಿಹಿಡಿಯಿತು. ವೈದ್ಯರಂತೂ ಮೊದಲೇ ಹಿಡಿದಿದ್ದರು! ಮುಖ ಕೆಂಪಾಯಿತು, ಆಮೇಲೆ ನೇರಳೆಯಾಯಿತು.

"ಉಸಿರು ಬಿಡಿ ಸಾರ್," ಎಂದಳು ಅವಳು ಮೆಲ್ಲಗೆ. "ಪ್ಯಾಂಟು ತಂದುಕೊಡಿ. ಎರಡಿಂಚು ಬಿಡಿಸಿಕೊಟ್ರೆ ಆರಾಮಾಗಿ ಕೂತು ಹಲ್ಲು ಕೀಳಬಹುದು."

ವೈದ್ಯರು ಉಸಿರು ಬಿಟ್ಟರು. ಟೇಪು ಅವಳ ಕೈಯಿಂದ ಜಾರಿಹೋಯಿತು. ಮೊದಲು ನಕ್ಕವರು ವೈದ್ಯರೇ. ನಗುತ್ತಲೇ ಹೋಗಿ ನಾಲ್ಕು ಪ್ಯಾಂಟು ಹೊತ್ತು ತಂದರು. ಮೇಡಂ ಎರಡು ರವಿಕೆ ತಂದರು, ಗುಂಪಣ್ಣನ ಕಡೆ ದುರುಗುಟ್ಟಿಕೊಂಡೇ! ಕಟ್ಟಡದ ಯಜಮಾನರು ಬಂದಾಗ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಔಷಧಿ ಅಂಗಡಿಯ ಮಾತೇ ಎತ್ತಲಿಲ್ಲ. "ನಡೆಸಮ್ಮ, ನಡೆಸು. ಅಂದಹಾಗೆ, ನನಗ್ಯಾಕೆ ಕಾಗದ ಬರಲಿಲ್ಲ?" ಎಂದಷ್ಟೇ ಕೇಳಿದರು.

ಸಂಜೆ ಬಟ್ಟೆಯ ರಾಶಿಯ ಪಕ್ಕ ಗುಂಪಣ್ಣ ಎದೆಯುಬ್ಬಿಸಿ ನಿಂತ. "ನೋಡಿದ್ಯಾ? ಇದು ಸರ್ವೆಯ ತಾಕತ್ತು!"

ಅವಳು ಸೂಜಿಗೆ ದಾರ ಪೋಣಿಸುತ್ತಾ ತಲೆಯೆತ್ತದೆ ಹೇಳಿದಳು: "ಬಂದವರನ್ನೆಲ್ಲ ನಾನೂ ಕೇಳಿದೆ ಕಣ್ರೀ, ಯಾಕೆ ಬಂದ್ರೀಂತ. ನಾಲ್ಕು ಗುಂಪಿಲ್ಲ, ಇರೋದು ಒಂದೇ: ನಿಮಗೆ ಬಯ್ಯೋಕೆ ಬಂದವರು. ಪ್ರತಿ ಶನಿವಾರ ಬಂದು ಇಲ್ಲೇ ಕೂತ್ಕೊಳ್ಳಿ. ವ್ಯಾಪಾರಕ್ಕೆ ಒಳ್ಳೇದು."

ಹನ್ನೊಂದು ವರ್ಷ ಕೂತ. ಒಂದು ಶನಿವಾರವೂ ಕ್ಷಮೆ ಕೇಳಲಿಲ್ಲ.